ಮಟನ್ನಿಗೆ ಕಾಫಿ ಕುಡಿಸಿದ್ದು

ಗಂಡಂದಿರು ಅಡುಗೆಮನೆಗೆ ಕಾಲಿಡುವುದಿಲ್ಲ ಎಂದು ದೂರುವ ಹೆಂಗಸರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಅಂಥವರು ನಾಲ್ವರಿದ್ದಾರೆ. ಡಬ್ಬಿ ಬಿಚ್ಚುವುದೇ ತಡ, ತಂತಮ್ಮ ಗಂಡಂದಿರ ಸೋಮಾರಿತನವನ್ನು ಸರದಿಯ ಮೇಲೆ ಬಿಚ್ಚುತ್ತಾರೆ. ನಾನು ರೊಟ್ಟಿ ಮುರಿಯುತ್ತ ಸುಮ್ಮನೆ ಕೇಳುತ್ತೇನೆ. ಅಡುಗೆ ಮಾಡುವ ಗಂಡ ಎಂದರೆ ಏನೆಂದು ಆ ಪುಣ್ಯವಂತೆಯರಿಗೆ ಗೊತ್ತಿಲ್ಲ. ನಮ್ಮ ಮನೆಯವರು ಅಡುಗೆ ಮಾಡುತ್ತಾರೆ, ವರ್ಷಕ್ಕೆ ಎರಡು ಸಲ. ಒಮ್ಮೆ ಚುರುಮುರಿ ಸುಸ್ಲಾ ಮಾಡಿದ್ದರು. ಚುರುಮುರಿ ನೆನೆಸಿದ್ದು ನಾನು, ಉಳ್ಳಾಗಡ್ಡಿ ಹೆಚ್ಚಿದ್ದು ನಾನು, ಒಗ್ಗರಣೆ ಸೀಯುವ ಹೊತ್ತಿಗೆ ಓಡಿಬಂದು ಬೋಗುಣಿ ಇಳಿಸಿದ್ದೂ ನಾನು. ಅವರು ಸೌಟು ತಿರುವಿದರು. ಆ ಸುಸ್ಲಾದ ಸುದ್ದಿ ಯಾದಗಿರಿಯಿಂದ ಹೊರಟು, ಶಹಾಪುರದ ನಾದಿನಿಯ ಮನೆ ಹೊಕ್ಕು, ಸುರಪುರದ ನನ್ನ ತವರನ್ನೂ ಮುಟ್ಟಿತು. ನಮ್ಮವ್ವ ಗಾಬರಿಯಿಂದ ಫೋನು ಮಾಡಿ ನನಗೇನು ಜಡ್ಡಾಗಿದೆ ಎಂದು ವಿಚಾರಿಸಿದಳು.

ಇಂಥವರು ಕಳೆದ ವರ್ಷ ಕಾಫಿ ಪುಡಿಯ ಬೆನ್ನು ಹತ್ತಿದ್ದಕ್ಕೆ ಕಾರಣ ಅವರ ಆಫೀಸು. ಅವರು ಗುಮಾಸ್ತರು. ಆಫೀಸು ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಮಧ್ಯಾಹ್ನ ಮನೆಗೆ ಬಂದು, ನಾನು ಮುಚ್ಚಿಟ್ಟು ಹೋದದ್ದನ್ನು ಉಂಡು, ಅರ್ಧ ತಾಸು ಅಡ್ಡಾಗಿ, ಮತ್ತೆ ಹೋಗಿ ಸರಕಾರದ ಸೇವೆ ಮಾಡುತ್ತಾರೆ. ಒಂದೇ ಕಡೆ ಬಹಳ ವರ್ಷ ಕೂತವರನ್ನೆಲ್ಲ ಈ ಸಲ ಎಬ್ಬಿಸುತ್ತಾರೆ ಎಂಬ ಗಾಳಿಸುದ್ದಿ ಎದ್ದಾಗ ಇವರು ಅದೇ ಕುರ್ಚಿಯಲ್ಲಿ ಕೂತು ಒಂಬತ್ತು ವರ್ಷವಾಗಿತ್ತು. ಅದೇ ಹೊತ್ತಿಗೆ ಹಾಸನದ ಕಡೆಯ ಹೊಸ ಸಾಹೇಬರು ಬಂದರು. ಬಾಡಿಗೆ ಮನೆ ಹುಡುಕಿಕೊಟ್ಟದ್ದಕ್ಕೆ ಆ ಸಾಹೇಬರು ಇವರಿಗೆ ಒಂದು ದೊಡ್ಡ ಪೊಟ್ಟಣ ಕಾಫಿ ಪುಡಿ ಕೊಟ್ಟರು. ನಾವು ಚಹಾದ ಮಂದಿ. ನಮ್ಮ ಮನೆಯಲ್ಲಿ ಬೆಳಗಾಗುವುದೇ ಚಹಾದ ಮೇಲೆ. ಪೊಟ್ಟಣ ಗೋಡೆಯ ಮಾಡದಲ್ಲಿ ದೇವರಂತೆ ಕೂತಿತು. ದಿನಾ ನೋಡುತ್ತಿದ್ದೆವು, ಮುಟ್ಟುತ್ತಿರಲಿಲ್ಲ.

ಆಮೇಲೊಂದು ದಿನ ಇವರ ಫೋನಿನಲ್ಲಿ ಕಂಬದಂಥ ತೋಳಿನ ಪರದೇಶಿಯೊಬ್ಬ ಪ್ರತ್ಯಕ್ಷನಾದ. ಅವನು ಮಾಂಸದ ತುಂಡಿಗೆ ಕರಿಯ ಪುಡಿ ತಿಕ್ಕಿ ಕೆಂಡದ ಮೇಲೆ ಸುಡುತ್ತಿದ್ದ. ಪುಡಿಯಲ್ಲಿದ್ದದ್ದು ಕಾಫಿ, ಬೆಲ್ಲದಂಥ ಕಂದು ಸಕ್ಕರೆ, ಖಾರ, ಬೆಳ್ಳುಳ್ಳಿ, ಉಪ್ಪು. ಇವರ ತಲೆ ಓಡಿತು. ಸಾಹೇಬರಿಗೆ ಕಾಫಿ ಎಂದರೆ ಪ್ರಾಣ. ಮಟನ್ ಎಂದರೂ ಪ್ರಾಣ. ಅದನ್ನು ಜವಾನನ ಮೂಲಕ ಖಚಿತಪಡಿಸಿಕೊಂಡಿದ್ದರು. ಎರಡನ್ನೂ ಕೂಡಿಸಿ ಉಣಬಡಿಸಿದರೆ ವರ್ಗಾವಣೆ ಪಟ್ಟಿಯಿಂದ ಹೆಸರು ತಾನಾಗಿಯೇ ಉದುರುತ್ತದೆ ಎಂದು ಲೆಕ್ಕ ಹಾಕಿ, ಸಾಹೇಬರನ್ನೂ ಅವರ ಹೆಂಡತಿಯನ್ನೂ ಐತವಾರ ಊಟಕ್ಕೆ ಕರೆದುಬಿಟ್ಟರು. ನನಗೆ ಹೇಳಿದ್ದು ಶನಿವಾರ.

ಮಾಂಸ ಚುಚ್ಚಿ ಸುಡುವ ಸೀಖು, ಇದ್ದಿಲಿನ ಸಿಗಡಿ ಎಲ್ಲ ಪಕ್ಕದ ಮನೆಯ ಮೆಹರ್ ಆಪಾ ಕೊಟ್ಟರು. ಬಕ್ರೀದಿಗೆ ಅವರು ಸುಡುವ ಕಬಾಬಿನ ವಾಸನೆಗೆ ನಮ್ಮ ಓಣಿಯೇ ಕಿಟಕಿಯಲ್ಲಿರುತ್ತದೆ. ಮಾಂಸಕ್ಕೆ ಕಾಫಿ ಪುಡಿ ಹಚ್ಚುತ್ತಾರಂತೆ ಎಂದಾಗ ಆಪಾ ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡರು. ಕಡೆಗೆ, "ಹಚ್ಚಲಿ ಬಿಡ್ರಿ ಟೀಚರ್. ಗಂಡಸರ ಶಾನ್ ಉಳೀಬೇಕಂದ್ರ ಒಂದೀಟು ಗೋಷ್ತ್ ಹಾಳಾಗ್ತದ," ಎಂದು ಸಿಗಡಿ ಹೊತ್ತು ತಂದರು.

ಐತವಾರ ಮುಂಜಾನೆ ಮಸಾಲೆ ತಯಾರಾಯಿತು. ಒಂದು ಕಪ್ಪು ಕಾಫಿ ಪುಡಿ, ಒಂದು ಕಪ್ಪು ಕುಟ್ಟಿದ ಬೆಲ್ಲ, ಕಣ್ಣಳತೆಗೆ ಖಾರ. ಪರದೇಶಿ ಹಾಕಿದ್ದು ಒಣ ಬೆಳ್ಳುಳ್ಳಿ ಪುಡಿ. ಅದು ಯಾದಗಿರಿಯಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಹುಡುಕುವ ಬದಲು ಇವರು ಹಸಿ ಬೆಳ್ಳುಳ್ಳಿಯ ಎರಡು ಗಡ್ಡೆಯನ್ನೇ ಸುಲಿದು ಮಿಕ್ಸಿಗೆ ಹಾಕಿದರು. ಸುಲಿದವಳು ನಾನು ಎಂದು ಬೇರೆ ಹೇಳಬೇಕಿಲ್ಲ. ಮಿಕ್ಸಿಯಿಂದ ಹೊರಬಂದದ್ದು ಪುಡಿಯಲ್ಲ, ಡಾಂಬರು. ಒಂದು ತುಂಡಿಗೆ ಹಚ್ಚಿ ಸುಟ್ಟು ನೋಡಿದರು. ಬೆಲ್ಲ ಎರಡೇ ನಿಮಿಷದಲ್ಲಿ ಹೊತ್ತಿ ಕರಕಲಾಗಿ, ಮೇಲೆ ಇದ್ದಿಲು, ಒಳಗೆ ಹಸಿ ನೆತ್ತರು. ಅದನ್ನು ಬಾಯಿಗೆ ಹಾಕಿಕೊಂಡು ಅಗಿದೂ ಅಗಿದೂ, ಇದರ ರುಚಿ ಹೀಗೇ ಇರುತ್ತದೆ, ನಾಲಿಗೆ ಕಲಿಯಬೇಕು ಎಂದು ತೀರ್ಪು ಕೊಟ್ಟು, ಉಳಿದ ಮಾಂಸಕ್ಕೆ ಹಚ್ಚಿಡಲು ನನಗೆ ಹೇಳಿ ಸ್ನಾನಕ್ಕೆ ಹೋದರು.

ಅವರ ಸ್ನಾನ ಎಂದರೆ ಮುಕ್ಕಾಲು ತಾಸು. ಅಷ್ಟರಲ್ಲಿ ಗೋಡೆಯಾಚೆಯ ಆಪಾರನ್ನು ಕೂಗಿ ಕರೆದೆ; ಇಬ್ಬರೂ ಸೇರಿ ಡಾಂಬರನ್ನು ಹಿತ್ತಲಿಗೆ ಚೆಲ್ಲಿದೆವು. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ ತವೆಯ ಮೇಲೆ ಘಮ್ಮೆನ್ನುವಂತೆ ಹುರಿದು, ಒಂದು ಚೂರು ಒಣಶುಂಠಿಯೊಂದಿಗೆ ಪುಡಿ ಮಾಡಿ, ಅದಕ್ಕೆ ಎರಡೇ ಚಮಚ ಕಾಫಿ ಪುಡಿ, ಉಪ್ಪು. ಬೆಲ್ಲ ಬಿಟ್ಟೆವು. ಆಪಾ ಹಸಿ ಪಪ್ಪಾಯಿ ತುರಿದು ಮಾಂಸಕ್ಕೆ ತಿಕ್ಕಿದರು, ಅದರ ಮೇಲೆ ನಾನು ಪುಡಿ ತಿಕ್ಕಿದೆ. ಕೆಂಡ ಬೂದಿ ಕಟ್ಟುವವರೆಗೆ ಕಾದು, ಮೇಲಿಷ್ಟು ಎಣ್ಣೆ ಸವರಿ ಒಂದು ಹೋಳು ಸುಟ್ಟು ಇಬ್ಬರೂ ಹಂಚಿಕೊಂಡೆವು. ಬೈಯಲೆಂದೇ ಬಾಯಿಗೆ ಹಾಕಿಕೊಂಡೆ, ಆದರೆ ಸುಳ್ಳು ಹೇಳಬಾರದು, ಭಾಳ ಛಲೋ ಆಗಿತ್ತು. ಕಾಫಿ ಎಲ್ಲೂ ಕಾಣದೆ ಎಲ್ಲ ಕಡೆಯೂ ಇತ್ತು. ಆ ಪರದೇಶಿ ಅಂಥ ದಡ್ಡನೇನಲ್ಲ ಎನಿಸಿತು.

ಸಾಹೇಬರು ಬಂದಾಗ ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಬೀಸಣಿಕೆ ಹಿಡಿದು ಸಿಗಡಿಯ ಮುಂದೆ ನಿಂತಿದ್ದರು. ಸಾಹೇಬರು ಮೊದಲ ತುತ್ತಿಗೇ ಕಣ್ಣು ಮುಚ್ಚಿದರು. ತಮ್ಮೂರಿನ ಕಾಫಿಗೆ ಇಂಥದೊಂದು ಯೋಗವಿದೆಯೆಂದು ತಮಗೇ ಗೊತ್ತಿರಲಿಲ್ಲ ಎಂದು ಎರಡೆರಡು ಸಲ ಹೇಳಿದರು. ಸಾಹೇಬರ ಹೆಂಡತಿ ಒಳ್ಳೆಯವರು. ಎಲ್ಲಾ ನೀವೊಬ್ಬರೇ ಮಾಡಿದ್ದಾ, ಮನೆಯವರು ಏನೂ ಸಹಾಯ ಮಾಡಲಿಲ್ಲವಾ ಎಂದು ಕೇಳಿದರು. ಇವರು ದೊಡ್ಡ ಮನಸ್ಸು ಮಾಡಿ ನನ್ನ ಕಡೆ ಕೈ ತೋರಿಸಿ, "ಮಾಡ್ಯಾಳ್ರಿ. ತಾಟು ಗೀಟು ತೊಳದು ಕೊಟ್ಟಾಳ್ರಿ," ಅಂದರು.

ಗೋಡೆಯಾಚೆ ಆಪಾ ಕೆಮ್ಮಿದ್ದು ಕೇಳಿಸಿತು.

ಮುಂದಿನ ಐತವಾರ ಸಾಹೇಬರ ಭಾವಮೈದ ಬರುವವರಿದ್ದರು. ಅವರೂ ದೊಡ್ಡ ಅಧಿಕಾರಿ. ಅವರಿಗೂ ಇದನ್ನೇ ಮಾಡಿ ಉಣಿಸಬೇಕೆಂದು ಸಾಹೇಬರ ಹೆಂಡತಿ ಮಾಡುವ ಬಗೆ ಕೇಳಿದರು. ಇವರು ಹಾಳೆ ತೆಗೆದುಕೊಂಡು, ಆಫೀಸಿನಲ್ಲೆಲ್ಲ ಹೆಸರಾದ ತಮ್ಮ ದುಂಡು ಅಕ್ಷರದಲ್ಲಿ ಬರೆದುಕೊಟ್ಟರು: ಕಾಫಿ ಪುಡಿ ಒಂದು ಕಪ್ಪು, ಬೆಲ್ಲ ಒಂದು ಕಪ್ಪು, ಬೆಳ್ಳುಳ್ಳಿ ಎರಡು ಗಡ್ಡೆ. ನಾನು ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದೆ. ಆಕೆ ಹಾಳೆಯನ್ನು ನನಗೆ ತೋರಿಸಿ, "ಇಷ್ಟೇ ಅಲ್ವಾ ಟೀಚರ್?" ಎಂದು ಕೇಳಿದರು.

ಓದಿದೆ. ತಾಟು ತೊಳೆದ ಕೈ ಇನ್ನೂ ಹಸಿ ಇತ್ತು.

"ಇಷ್ಟ ರೀ. ಅವರು ಹಾಕಿದ್ದು ಇಷ್ಟ ರೀ," ಅಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಮುಂದಿನ ಐತವಾರ ಇವರನ್ನು ತಜ್ಞರೆಂದು ಸಾಹೇಬರ ಮನೆಗೇ ಕರೆದಿದ್ದರು. ಹೋದವರು ಊಟದ ಹೊತ್ತಿಗೆ ಮನೆಗೆ ಬಂದು ಅನ್ನ ಸಾರು ಕೇಳಿದರು. ಮೈಯೆಲ್ಲ ಹೊಗೆ ನಾತ. ಎರಡನೆಯ ಸಲ ಸಾರು ಬಡಿಸುವಾಗ ತಾವೇ ಹೇಳಿದರು. ಬೆಲ್ಲದ ಪಾಕ ಕಲ್ಲಾಗಿತ್ತು. ಭಾವಮೈದ ಗೌರವಕ್ಕೆಂದು ಒಂದು ಹೋಳು ಕಚ್ಚಿ ಎಳೆದರಂತೆ. ಮಾಂಸ ಬರಲಿಲ್ಲ, ಹೊಸದಾಗಿ ಕೂಡಿಸಿದ್ದ ಮುಂದಿನ ಹಲ್ಲು ಬಂತು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಮನಸಾರೆ ನಕ್ಕೆ. ಮದುವೆಯಾದ ಮೇಲೆ ಅಷ್ಟು ನಕ್ಕ ನೆನಪಿಲ್ಲ.

ತಿಂಗಳೊಪ್ಪತ್ತಿನಲ್ಲಿ ಪಟ್ಟಿ ಬಂತು. ಇವರಿಗೆ ಸೈದಾಪುರ. ಹಲ್ಲಿಗೂ ಪಟ್ಟಿಗೂ ಸಂಬಂಧವಿದೆ ಎಂದು ಯಾರೂ ಅನ್ನಲಿಲ್ಲ. ಒಂಬತ್ತು ವರ್ಷ ಕೂತವರನ್ನು ಎಬ್ಬಿಸಲು ಹಲ್ಲೇ ಬೇಕೆಂದಿಲ್ಲ. ಆದರೆ ಎಂಟು ವರ್ಷದವರೊಬ್ಬರು ಕೂತಲ್ಲೇ ಉಳಿದರು. ಅವರು ಸಾಹೇಬರಿಗೆ ಏನನ್ನೂ ಉಣಿಸಿರಲಿಲ್ಲ.

ಈಗ ಇವರು ಮುಂಜಾನೆಯ ರೈಲಿಗೆ ಹೋಗುತ್ತಾರೆ. ಮಧ್ಯಾಹ್ನ ಮನೆಗೆ ಬರುವ ಮಾತಿಲ್ಲವಾದ್ದರಿಂದ ರೊಟ್ಟಿ, ಪಲ್ಯ, ಅನ್ನ ಎಲ್ಲ ಡಬ್ಬಿಗೇ ಆಗಬೇಕು. ಐದಕ್ಕೆ ಮೊದಲೇ ಎದ್ದು ರೊಟ್ಟಿ ಬಡಿಯುವವಳು ನಾನು. ಹೋದ ವಾರ ಡಬ್ಬಿ ಕೈಗೆ ಕೊಡುವಾಗ ಸೊಂಟ ನೋವೋ ಪಾಪಪ್ರಜ್ಞೆಯೋ, ಬಾಯಿ ತಪ್ಪಿತು. ಡಾಂಬರು ಚೆಲ್ಲಿದ್ದು, ಬೆಲ್ಲ ಬಿಟ್ಟದ್ದು, ಎಲ್ಲವನ್ನೂ ಹೇಳಿಬಿಟ್ಟೆ. ಇವರು ಬೂಟಿನ ದಾರ ಕಟ್ಟುತ್ತ ತಲೆ ಎತ್ತದೆ ಕೇಳಿದರು.

"ಮೊದಲನೇ ತುತ್ತಿಗೇ ಗೊತ್ತಾಗಿತ್ತು," ಅಂದರು. "ನಂಗ ಗೊತ್ತಿದ್ದದ್ದ ನಾ ಬರದೆ. ತಪ್ಪಿದ್ರ ನೀ ತಿದ್ದತಿ ಅಂತ ತಿಳದಿದ್ದೆ. ಟೀಚರ್ ಅದಿ."

ಹಾಗಾದರೆ ತಾಟು ತೊಳೆದಳು ಎಂದು ಯಾಕೆ ಹೇಳಿದಿರಿ ಎಂದು ಕೇಳುವಷ್ಟರಲ್ಲಿ ರೈಲಿನ ಹೊತ್ತಾಯಿತೆಂದು ಹೊರಟೇಬಿಟ್ಟರು. ಇದು ನಿಜವೋ, ಆಗ ಹೊಳೆದ ಮಾತೋ ತಿಳಿಯದು. ಇಷ್ಟು ವರ್ಷ ಗುಮಾಸ್ತಗಿರಿ ಮಾಡಿದವರಿಗೆ ತಪ್ಪನ್ನು ಇನ್ನೊಬ್ಬರ ಟೇಬಲ್ಲಿಗೆ ಸರಿಸುವುದು ಹೊಸದೇನಲ್ಲ. ಅವರ ಆ ಮಾತನ್ನು ನಾನು ಖಂಡಿತ ನಂಬಿಲ್ಲ. ಆದರೆ ಮರುದಿನದಿಂದ ಡಬ್ಬಿಗೆ ಒಂದು ಪಲ್ಯ ಹೆಚ್ಚಿಗೆ ಹಾಕುತ್ತಿದ್ದೇನೆ.