ಕೋಸಂಬರಿ ಕಲಸಿದ ಕೈ

ಒಲೆ ಮುಂದೆ ನಿಂತ ಗಂಡಸಿಗೆ ಒಂದಲ್ಲ ಒಂದು ಎಡವಟ್ಟು ಆಗ್ತಾನೇ ಇರ್ತದೆ. ನನಗೆ ಮಾತ್ರ ಅದು ನೆಂಟರ ಮುಂದೆಯೇ ಆಗ್ತದೆ. ಹಾಗಂತ ನನ್ನ ಕೈಗುಣದಲ್ಲಿ ಕೊರತೆ ಇದೆ ಅಂದ್ಕೋಬೇಡಿ. ಗಾವಡಗೆರೆ ಸುತ್ತಮುತ್ತ ನನ್ನಂಗೆ ಬಸ್ಸಾರು ಮಾಡೋ ಗಂಡಸು ಇನ್ನೊಬ್ಬ ಇದ್ದರೆ ಬಂದು ಸೌಟು ಹಿಡಿದು ಹೇಳಲಿ.

ನಾವು ಊಟದ ಹುಚ್ಚಿನವರು ಸೇರಿ ಒಂದು ಕೂಟ ಕಟ್ಟಿಕೊಂಡಿದ್ದೇವೆ. ಸಾಲಿಗ್ರಾಮದವನೊಬ್ಬ, ಅಂಗಡಿ ಮನೆತನದ ಶೈವ. ಕೋಟೆ ತಾಲ್ಲೂಕಿನ ಎನ್. ಬೇಗೂರಿನವನೊಬ್ಬ, ಕೇರಳದ ಗಾಳಿ ತಾಗಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಸುರಿಯೋನು. ಮೂರನೆಯವನು ನಾನು, ಅಂದರೆ ಮುಖ್ಯಸ್ಥ. ನಮ್ಮ ಹಿಂದೆ ತಿನ್ನೋಕೆ ಬರೋ ಸ್ನೇಹಿತರು ಒಂದು ಟ್ರ್ಯಾಕ್ಟರ್ ತುಂಬ. ತಿಂಗಳಿಗೊಮ್ಮೆ ಯಾರದಾದರೂ ತೋಟದಲ್ಲಿ ಸೇರೋದು, ತಂದದ್ದನ್ನು ಹಂಚಿಕೊಂಡು ಉಣ್ಣೋದು. ಬರೀ ಸಸ್ಯಾಹಾರ. ತಂದವನೇ ಮಾಡಿರಬೇಕು, ಅವ್ವಂದೋ ಅತ್ತಿಗೇದೋ ಕೈ ಸೋಕಿರಬಾರದು.

ಜಾತಕ ಕುದಿಸಿದ್ದು

ಬೇಸಾಯ ಮಾಡೋ ಹುಡುಗನಿಗೆ ಈಗ ಹೆಣ್ಣು ಕೊಡೋರೇ ಇಲ್ಲ. ಎಕರೆ ಕೇಳ್ತಾರೆ, ಬೋರಲ್ಲಿ ನೀರೈತಾ ಅಂತಾರೆ, ಎಲ್ಲ ಐತೆ ಅಂದ ಮೇಲೆ "ಮೈಸೂರಲ್ಲಿ ಸೈಟು?" ಅಂತಾರೆ. ಅಂಥದ್ದರಲ್ಲಿ ಪಿರಿಯಾಪಟ್ಟಣದ ಕಡೆಯ ಒಂದು ಮನೆಯಿಂದ ಬಂದು ನೋಡಿ ಅಂತ ಕರೆ ಬಂತು. ಅವ್ವನ ಜೊತೆ ಹೋದೆ. ಹುಡುಗಿ ಕಾಫಿ ತಂದಳು. ಲೋಟ ಕೈಗೆ ಬರೋ ಮುಂಚೆಯೇ ನನಗೆ ಒಪ್ಪಿಗೆ.

ಅವರಪ್ಪ ಹೊಗೆಸೊಪ್ಪು ಬೆಳೆಯೋ ಯಜಮಾನರು, ಊಟದಲ್ಲಿ ಹೆಸರುವಾಸಿ. ಅವರು ಪಂಕ್ತಿಯಲ್ಲಿ ಕೂತರೆ ಅಡುಗೆ ಭಟ್ಟರೇ ಓಡಿಬಂದು "ಉಪ್ಪು ಸರಿಯಾಗೈತಾ ಯಜಮಾನ್ರೇ" ಅಂತ ಕೇಳ್ತಾರಂತೆ.

"ಏನ್ ಮಾಡ್ಕಂಡಿದ್ದೀಯಪ್ಪಾ?" ಅಂದರು.

"ಹೊಗೆಸೊಪ್ಪು, ಜೋಳ."

"ಅದ್ನ ನಾನೂ ಮಾಡ್ತೀನಿ. ಇನ್ನೇನು ಬತ್ತದೆ?"

ಸುಮ್ಮನಿದ್ದರೆ ನಾನು ನಾನಾಗ್ತಿರಲಿಲ್ಲ. "ಅಡುಗೆ! ಇಡೀ ಊರಿಗೆ ಒಬ್ಬನೇ ಬೇಯ್ಸಾಕ್ತೀನಿ. ನನ್ನ ಕೈರುಚಿ ಉಂಡೋರು ಕೈ ತೊಳೆಯಾಕೆ ಒಪ್ಪಲ್ಲ," ಅಂದೆ.

ಅವ್ವ ತೊಡೆ ಚಿವುಟಿದಳು. ತಡವಾಗಿತ್ತು.

"ಅಂಗಾದ್ರೆ ಶ್ರಾವಣದಲ್ಲಿ ನಿಮ್ಮ ಕೂಟಕ್ಕೆ ಬತ್ತೀವಿ," ಅಂದರು ಯಜಮಾನರು. "ಆಗ ನಮ್ಮನೇಲಿ ಬಾಡು, ಕೋಳಿ ಎಲ್ಲ ನಿಂತಿರ್ತದೆ, ನಾಲಗೆ ಚುರುಕಾಗಿರ್ತದೆ. ಮೊದ್ಲು ಊಟ. ಒಪ್ಪಿಗೆ ಮಾತು ಆಮೇಲೆ."

ಅಡುಗೆಮನೆ ಬಾಗಿಲ ಸಂದಿಯಲ್ಲಿ ಹುಡುಗಿ ನಕ್ಕಿದ್ದು ಕೇಳಿಸಿತು.

ಬೈಕ್ ಹತ್ತುವಾಗ ಅವ್ವ ಅಂದಳು: "ಬೇರೆ ಮನೆಯೋರು ಜಾತಕ ಕೇಳ್ತಾರೆ. ನೀನು ಜಾತಕಾನ ಸಾರಿಗಾಕಿ ಕುದಿಸ್ಬುಟ್ಟು ಬಂದೆ ಕಣ್ಲಾ."

ತಾಲೀಮು

ನನಗೆ ಹೆದರಿಕೆ ಅನ್ನೋದು ಗೊತ್ತಿಲ್ಲ. ನಿದ್ದೆ ಬರ್ತಿರಲಿಲ್ಲ, ಅಷ್ಟೇ. ಒಂದು ತಾಲೀಮು ಮಾಡೋಣ ಅಂತ ಕೂಟ ಕರೆದೆ. "ಯಾರು ಏನ್ ತತ್ತೀರ ಅಂತ ಮೊದ್ಲೇ ಹೇಳ್ಬೇಡಿ. ಮುಚ್ಚಳ ತೆಗ್ದಾಗ್ಲೇ ಗೊತ್ತಾಗ್ಲಿ, ಅದ್ರಲ್ಲಿರೋ ಮಜಾನೇ ಬೇರೆ," ಅಂತ ಅಪ್ಪಣೆ ಕೊಟ್ಟವನೂ ನಾನೇ.

ಅವರೆಕಾಯಿ ಕಾಲ. ನಾನು ಉಗುರು ಸವೆಯೋ ಹಾಗೆ ಒಂದೊಂದೇ ಕಾಳು ಹಿತುಕಿ ಹಿತಕಿದ ಬೇಳೆ ಸಾರು ಮಾಡಿಕೊಂಡು ಹೋದೆ. ಸಾಲಿಗ್ರಾಮದವನು ಮುಚ್ಚಳ ತೆಗೆದ: ಅವರೆಕಾಳು ಉಪ್ಪಿಟ್ಟು. ಬೇಗೂರಿನವನು ತೆಗೆದ: ಅವರೆಕಾಳು ಹುಳಿ, ಮೇಲೆ ಕೊಬ್ಬರಿ ಎಣ್ಣೆ. ಇನ್ನೊಬ್ಬನದು ಅವರೆಕಾಳು ರೊಟ್ಟಿ, ಅವನ ಪಕ್ಕದವನದು ಪಲ್ಯ. ಏನೂ ಮಾಡದೆ ಬಂದ ಸೋಮಾರಿಯೊಬ್ಬ ಜೇಬಿಂದ ಅಂಗಡಿ ಖಾರದ ಪೊಟ್ಟಣ ತೆಗೆದ. ಅದರಲ್ಲೂ ಕರಿದ ಅವರೆಬೇಳೆ.

ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಎಲ್ಲ ಖಾಲಿ ಮಾಡಿದೆವು. ತೊಂದರೆ ಶುರುವಾಗಿದ್ದು ಸಂಜೆ ಹೊರಡುವಾಗ. ಬರುವಾಗ ಒಂದೊಂದು ಬೈಕಲ್ಲಿ ಇಬ್ಬಿಬ್ಬರು ಬಂದಿದ್ದೆವು. ಈಗ ಯಾರ ಹಿಂದೆಯೂ ಯಾರೂ ಕೂರಲೊಲ್ಲರು.

"ನೀವ್ ನಡೀರಿ, ನಾನು ಬಸ್ಸಲ್ಲಿ ಬತ್ತೀನಿ," ಅಂದ ಸಾಲಿಗ್ರಾಮದವನು. ಹಂಗೇ ಅರ್ಧ ಜನ ಬಸ್ಸು ಹತ್ತಿದರು. ಕಿಟಕಿಗಳೆಲ್ಲ ಒಂದೇ ಸಲ ತೆರೆದುಕೊಂಡಿದ್ದು ನಮಗೆ ರಸ್ತೆಯಿಂದಲೇ ಕಾಣಿಸಿತು.

ಆನೆಗೂ ಜೀವ ಐತೆ

ಮುಂದಿನ ಸಲ ಸಾಲಿಗ್ರಾಮದವನ ತೋಟದಲ್ಲಿ. ಮುದ್ದೆ ಇಲ್ಲದ್ದು ಊಟವೇ ಅಲ್ಲ ಅಂತ ನಾನು ಮನೆಯಲ್ಲೇ ಮುದ್ದೆ ಕಟ್ಟಿ, ಹಾಟ್‌ಬಾಕ್ಸಿಗೆ ತುಂಬಿ, ಕೆ.ಆರ್. ನಗರದ ದಾರಿ ಹಿಡಿದೆ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೇಟು ತೆಗೆಯೋ ಹೊತ್ತಿಗೆ ನನ್ನ ಬೆವರು ಆರಿತ್ತು, ಮುದ್ದೆಯೂ ಆರಿತ್ತು.

ಸಾಲಿಗ್ರಾಮದವನು ಹೆಬ್ಬೆಟ್ಟು ಒತ್ತಿ ನೋಡಿದ. ಮುದ್ದೆಗೆ ಏನೂ ಆಗಲಿಲ್ಲ.

ಬೇಗೂರಿನವನು ಕೈಯಲ್ಲಿ ಹಿಡಿದು ತೂಗಿದ. "ನಮ್ಮೂರಲ್ಲಿ ಹೊಲಕ್ಕೆ ಆನೆ ಬಂದ್ರೆ ಪಟಾಕಿ ಹೊಡೀತೀವಿ. ಎರಡು ಕೊಡ್ಲಾ, ತಕ್ಕೊಂಡೋಯ್ತೀನಿ."

"ಬ್ಯಾಡ ಬುಡ್ಲಾ," ಅಂದ ಸಾಲಿಗ್ರಾಮದವನು. "ಆನೆಗೂ ಜೀವ ಐತೆ."

ಶ್ರಾವಣದ ಊಟಕ್ಕೆ ಮುದ್ದೆ ಅಲ್ಲೇ ಬಿಸಿಯಾಗಿ ಕಟ್ಟಬೇಕು, ಅದನ್ನು ಬೇಗೂರಿನವನೇ ಕಟ್ಟಬೇಕು ಅಂತ ಆವತ್ತೇ ತೀರ್ಮಾನವಾಯಿತು. ಮಾವನಾಗೋರ ಹಲ್ಲು ನನಗೆ ಮುಖ್ಯ.

ಪಾತ್ರೆ ಜೊತೆ ಬಂದವರು

ಶ್ರಾವಣ ಬಂದೇಬಿಟ್ಟಿತು. ನಮ್ಮ ಮನೆ ದೊಡ್ಡ ಪಾತ್ರೆಗಳೆಲ್ಲ ಬಾಡು ಬೇಯಿಸಿದಂಥವು. ಸಾಲಿಗ್ರಾಮದವನು ಅದರಲ್ಲಿ ಉಣ್ಣೋದಿಲ್ಲ. ಊಟದ ಹಿಂದಿನ ದಿನ ಬಾಡಿಗೆ ಕಾರು ಮಾಡಿಕೊಂಡು ಅವನ ಮನೆಗೇ ಹೋಗಿ ತಪ್ಪಲೆ ಕೇಳಿದೆ. ಅವನ ತಾಯಿ, ಹಣೆ ತುಂಬ ವಿಭೂತಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದ್ರಲ್ಲಿ ಮೊಟ್ಟೆ ಗಿಟ್ಟೆ ಬೇಯ್ಸಲ್ಲ ತಾನೇ?"

"ದೇವ್ರಾಣೆ ಇಲ್ಲ ಕಣಮ್ಮ."

"ಎಲ್ರೂ ಆಣೆ ಮಾಡ್ತಾರೆ," ಅಂದು ತಪ್ಪಲೆ ತಂದು ಕೊಟ್ಟರು. ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದರು. ತಪ್ಪಲೆ ಜೊತೆ ಕಾರು ಹತ್ತಿದರು. ತಪ್ಪಲೆ ನಮ್ಮ ಹಿತ್ತಲಲ್ಲಿ ಇಳಿದ ಕಡೆ ಕುರ್ಚಿ ಹಾಕಿಸಿಕೊಂಡು ಕೂತರು.

ಮಾರನೇ ದಿನ "ಉಪ್ಪು ನೋಡ್ತೀನಿ," ಅಂತ ಸಾರಿಗೆ ಸೌಟು ಇಳಿಸಿದೆ.

"ಇಡ್ಲಾ ಕೆಳಕ್ಕೆ! ಶ್ರಾವಣ ಸೋಮವಾರ. ಎಡೆ ಇಡೋ ಮುಂಚೆ ಎಂಜಲು ಮಾಡ್ತೀಯಾ? ನನ್ನ ತಪ್ಪಲೆಲಿ?"

ಆವತ್ತು ಯಾವ ಅಡುಗೆಯನ್ನೂ ಯಾರೂ ರುಚಿ ನೋಡಲಿಲ್ಲ. ಬಾಡಿಗೆಗೆ ಪಾತ್ರೆ ತಂದವರುಂಟು, ಭಟ್ಟರನ್ನ ತಂದವರುಂಟು. ಪಾತ್ರೆನ ಪೊಲೀಸ್ ಕಾವಲು ಸಮೇತ ತಂದವನು ನಾನೊಬ್ಬನೇ.

ಎಲೆ ತುದಿಯ ಕೋಸಂಬರಿ

ಅದೇ ಸೋಮವಾರ ಬೆಳಿಗ್ಗೆ, ಒಲೆ ಹಚ್ಚೋ ಮುಂಚೆ ನೋಡಿದರೆ, ಹೊಗೆಸೊಪ್ಪು ಮುರಿಯೋಕೆ ಆಳುಗಳು ಬಂದಿರಲಿಲ್ಲ. ಹಣ್ಣಾದ ಎಲೆ ಕಾಯೋದಿಲ್ಲ, ಒಣಗಿಸೋ ಬ್ಯಾರನ್ ತುಂಬಲೇಬೇಕು. ನೆಂಟರು ಬರೋ ದಿನ ಅಂತ ಎಲೆಗೆ ಹೇಳೋಕಾಗ್ತದಾ? ನಾನೇ ಹೊಲಕ್ಕಿಳಿದು ಮುರಿದೆ. ಹೊಗೆಸೊಪ್ಪು ಮುರಿದ ಕೈಗೆ ಕರೀ ಅಂಟು ಮೆತ್ತುತ್ತದೆ. ಆ ಅಂಟು ಬೇವಿಗೆ ಅಣ್ಣ, ಅಷ್ಟು ಕಹಿ. ನಮ್ಮ ಕಡೆ ಎಲ್ಲರಿಗೂ ಗೊತ್ತು, ನನಗೂ ಗೊತ್ತು.

"ಹುಣಸೆಹಣ್ಣು ಹಾಕಿ ಉಜ್ಜೋ!" ಅಂತ ಅವ್ವ ಕೂಗಿದಳು.

"ನಂಗೇ ಹೇಳ್ಕೊಡ್ತೀಯಾ?" ಅಂತ ಎರಡು ಸಲ ಸೋಪು ಹಾಕಿದೆ. ಕಣ್ಣಿಗೆ ಕಾಣೋ ಕಪ್ಪು ಬಹುಪಾಲು ಹೋಯಿತು. ಗಡಿಯಾರ ಓಡ್ತಿತ್ತು, ನಾನೂ ಒಲೆ ಕಡೆ ಓಡಿದೆ.

ಸಾರು, ಪಲ್ಯ, ಪಾಯಸ ಎಲ್ಲ ಸೌಟಿನ ಕೆಲಸ. ಮುದ್ದೆ ಬೇಗೂರಿನವನದು. ಕೋಸಂಬರಿ ಮಾತ್ರ ನನ್ನ ಕೈಯದು. ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ, ನಿಂಬೆರಸ. ಸೌಟು ಆಡಿಸಿದರೆ ಸೌತೆಕಾಯಿ ನೀರು ಬಿಡ್ತದೆ, ಬೆರಳಲ್ಲೇ ಹಗುರವಾಗಿ ಕಲಸಬೇಕು. ಇದು ನನ್ನ ಗುಟ್ಟು. ಗುಟ್ಟು ಅಂತ ಎಲ್ಲರಿಗೂ ಹೇಳಿಕೊಂಡೇ ಕಲಸಿದೆ.

ಯಜಮಾನರು ಮಗಳನ್ನು ಕರೆದುಕೊಂಡು ಬಂದರು. ಎಲೆ ಹಾಕಿದೆವು. ಎಲೆ ತುದಿಗೆ ಮೊದಲು ಕೋಸಂಬರಿ. ಬೇಗೂರಿನವನು ಬಾಯಿಗಿಟ್ಟ. ಅವನ ಮುಖ ಮುದುಡಿತು. ಸಾಲಿಗ್ರಾಮದವನು ನೀರಿಗೆ ಕೈ ಚಾಚಿದ. ಕುರ್ಚಿಯಲ್ಲಿದ್ದ ಅವನ ತಾಯಿ "ನನ್ನ ತಪ್ಪಲೆದಲ್ಲಪ್ಪ ಇದು, ಬೇಸಿನ್ನಿಂದು," ಅಂತ ಮೊದಲೇ ಕೈ ತೊಳೆದುಕೊಂಡರು. ಹೆಣ್ಣು ಹೋಯ್ತು, ಮಾನ ಹೋಯ್ತು, ಇನ್ನು ಈ ಜನ್ಮಕ್ಕೆ ಒಂಟಿ ಎಲೆ ಊಟ ಅಂದುಕೊಂಡೆ.

ಯಜಮಾನರು ಮಾತ್ರ ನಿಧಾನಕ್ಕೆ ಅಗೀತಾನೇ ಇದ್ದರು. ಕಣ್ಣು ಮುಚ್ಚಿದರು. ನುಂಗಿದರು.

"ಹೆಸರುಬೇಳೆ," ಅಂದರು. "ಸೌತೆಕಾಯಿ. ಕಾಯಿತುರಿ. ನಿಂಬೆಹಣ್ಣು. ಹೊಗೆಸೊಪ್ಪು."

ಬೇಗೂರಿನವನು ತನ್ನ ಎಲೆಯ ಕೋಸಂಬರಿ ಕೆದಕಿ ಹೊಗೆಸೊಪ್ಪು ಹುಡುಕಿದ.

"ಹುಟ್ಟಿದಾಗಿಂದ ಹೊಗೆಸೊಪ್ಪು ಬೆಳ್ದಿದ್ದೀನಿ ಕಣಯ್ಯಾ. ಕೋಸಂಬರಿಗೂ ಹಾಕ್ಬೋದು ಅಂತ ಇವತ್ತೇ ಗೊತ್ತಾಗಿದ್ದು. ಎಲ್ಲಿ, ಕೈ ತೋರ್ಸು."

ತೋರಿಸಿದೆ. ಉಗುರು ಸಂದಿಯಲ್ಲಿ ಕಪ್ಪು ಹಂಗೇ ಕೂತಿತ್ತು.

"ನೆಂಟ್ರು ಬರೋ ದಿನಾನೂ ಸೊಪ್ಪು ಮುರ್ದಿದ್ದೀಯ."

"ಬ್ಯಾರನ್ ಕಾಯಲ್ಲ ಯಜಮಾನ್ರೇ."

"ಅದು ಮಾತು," ಅಂದು ಕೋಸಂಬರಿಯನ್ನು ಎಲೆ ಮೂಲೆಗೆ ಸರಿಸಿ, ಸಾರಿಗೆ ಕೈ ಹಾಕಿ, ಎರಡು ಸಲ ಬಡಿಸಿಕೊಂಡರು. ಸಾರು ನನ್ನದು ಅಂತ ಇಲ್ಲಿ ಮತ್ತೆ ನೆನಪಿಸ್ತೀನಿ. ಕೊನೆಗೆ ಪಾಯಸ ಸೊರ್ರಂತ ಎಳೆದು, "ನನ್ನ ಒಪ್ಪಿಗೆ ಆಯ್ತು. ಅವಳ್ನ ಕೇಳು," ಅಂದರು.

ಹುಡುಗಿ ನನ್ನ ಕೈ ನೋಡಿದಳು, ಎಲೆ ತುದಿ ನೋಡಿದಳು. "ಕೈಗೆ ಒಪ್ಪಿಗೆ," ಅಂದಳು. "ಕೋಸಂಬರಿಗಿಲ್ಲ."

ಹೊಗೆಸೊಪ್ಪಿನ ಕೆಲಸ ಮುಗಿದ ಮೇಲೆ ಮದುವೆ ಆಯಿತು. ಹೊಲದಲ್ಲಿ ಒಂದೆಲೆ ಇರಲಿಲ್ಲ, ಅಡುಗೆಗೆ ಭಟ್ಟರಿದ್ದರು, ನನ್ನ ಕೈಗೆ ಮದರಂಗಿ ಇತ್ತು. ಆದರೂ ಪಂಕ್ತಿಯಲ್ಲಿ ಎಲೆ ತುದಿಗೆ ಕೋಸಂಬರಿ ಬಿದ್ದದ್ದೇ ತಡ, ಬೇಗೂರಿನವನು ಎದ್ದು ನಿಂತು ಛತ್ರಕ್ಕೆಲ್ಲ ಕೇಳೋ ಹಾಗೆ ಕೂಗಿದ:

"ತಡೀರಪ್ಪೋ, ಯಾರೂ ಬಾಯಿಗಿಡ್ಬೇಡಿ! ಬೆಳಿಗ್ಗೆಯಿಂದ ಮದುವೆ ಗಂಡು ಎಲ್ಲೆಲ್ಲಿದ್ದ, ಮೊದ್ಲು ಅದ್ನ ಹೇಳಿ!"