ಪಾಜ್ ಒತ್ತಿದ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬ ಮನವಿ

ಪುಣೆಯ ಖರಾಡಿಯ ‘ಹಳೆಯಾಟ ಬಳಗ’ದ ಸಂಸ್ಥಾಪಕರೂ, ಅಧ್ಯಕ್ಷರೂ, ಸದಸ್ಯರ ಸಮಯಕ್ಕೆ ಏಕೈಕ ಕಾವಲುಗಾರರೂ ಆದ ಶ್ರೀ ಪ್ರೇಮಕುಮಾರ ಅವರ ಸನ್ನಿಧಾನಕ್ಕೆ, ತಮ್ಮ ಪಟ್ಟಿಯಿಂದ ಈಚೆಗಷ್ಟೇ ಉದುರಿಹೋದ ಬಿಬವೇವಾಡಿಯ ಸದಸ್ಯೆ ಭಾಮಾ ಈರಣ್ಣ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದೂ, ತಾವು ಕೊರಳಿಗೆ ಹಾಕಿಕೊಳ್ಳುವ ಸ್ಟಾಪ್‌ವಾಚ್ ತಮಗಿಂತಲೂ ಕ್ಷೇಮವೆಂದೂ ನಂಬಿದ್ದೇನೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದ ಪತ್ರಗಳಿಗೆ ತಾವು ‘ನೋಟೆಡ್’ ಎಂಬ ಒಂದೇ ಪದದಲ್ಲಿ ಉತ್ತರಿಸಿ ಅಪಾರ ಉಪಕಾರ ಮಾಡಿದ್ದೀರಿ. ಅದಕ್ಕಿಂತ ಹೆಚ್ಚಿನ ಶ್ರಮವನ್ನು ತಮಗೆ ಕೊಡುವ ಧೈರ್ಯ ನನಗಿಲ್ಲ.

ತಮ್ಮ ಬಳಗವನ್ನು ಅರಿಯದ ನತದೃಷ್ಟರ ಸಲುವಾಗಿ ಎರಡು ಮಾತು. ಪುಣೆಗೆ ನೌಕರಿಗೆ ಬಂದ ಕನ್ನಡದ ಇಂಜಿನಿಯರುಗಳು ತೊಂಬತ್ತರ ದಶಕದ ಹಳೆಯ ವಿಡಿಯೋ ಗೇಮ್‌ಗಳನ್ನು ಹುಡುಕಿ ತೆಗೆದು, ಧೂಳು ಒರೆಸಿ ಆಡಿ, ವಾರಕ್ಕೆ ಎಷ್ಟು ಗಂಟೆ ಆಡಿದೆವೆಂದು ಬಳಗಕ್ಕೆ ವರದಿ ಒಪ್ಪಿಸುತ್ತಾರೆ. ಪ್ರತಿ ಭಾನುವಾರ ಸಂಜೆ ಅಧ್ಯಕ್ಷರು ಆ ಗಂಟೆಗಳನ್ನು ಸೋಸಿ, ಇಂಟರ್‌ನೆಟ್‌ನಲ್ಲಿ ಪಟ್ಟಿ ಹಾಕುತ್ತಾರೆ. ಮೊದಲನೆಯವರ ಹೆಸರಿನ ಪಕ್ಕದಲ್ಲಿ ಹಳದಿ ಕಿರೀಟದ ಚಿತ್ರ. ಹೆಚ್ಚಿನ ವಾರಗಳಲ್ಲಿ ಆ ಕಿರೀಟ ಅಧ್ಯಕ್ಷರ ತಲೆಯ ಮೇಲೆಯೇ ಇರುವುದು ಕಾಕತಾಳೀಯವೆಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಇಂಥ ಬಳಗಕ್ಕೆ ಮೋಟರ್ ಪಂಪಿನ ಅಂಗಡಿಯವನ ಹೆಂಡತಿಯಾದ ನಾನು ಹೇಗೆ ಬಂದೆ ಎಂಬುದನ್ನೂ ಅರಿಕೆ ಮಾಡಿಕೊಳ್ಳುತ್ತೇನೆ. ತೊಂಬತ್ತಾರರ ದೀಪಾವಳಿಗೆ ನನ್ನ ಯಜಮಾನರು ಈರಣ್ಣನವರು ಮಗಳು ಶಿವಾನಿಗೆಂದು ಟಿ.ವಿ.ಗೆ ಜೋಡಿಸುವ ಒಂದು ಗೇಮ್ ತಂದರು. ಮಗಳು ಮರುವರ್ಷವೇ ಅದನ್ನು ಬಿಟ್ಟು ಸೈಕಲ್ ಹಿಡಿದಳು. ನಾನು ಬಿಡಲಿಲ್ಲ. ಅದರೊಳಗಿನ ಒಂದು ಆಟದ ಹೆಸರು ಯಾವುದೋ ದೇಶದ ಲಿಪಿಯಲ್ಲಿದ್ದುದರಿಂದ ನಮ್ಮ ಮನೆಯಲ್ಲಿ ಅದಕ್ಕೆ ‘ಇಲಿ ಆಟ’ ಎಂದೇ ಹೆಸರು. ಒಂದು ದೊಡ್ಡ ಗೋದಾಮು, ಮಾಳಿಗೆಯ ಮೇಲೆ ಮಾಳಿಗೆ, ಎಲ್ಲ ಕಡೆ ಚೆಲ್ಲಿದ ಕಾಳು, ಕಾಳು ಆರಿಸುತ್ತ ಮೇಲೇರುವ ಒಂದು ಇಲಿ, ಅದರ ಬೆನ್ನು ಹತ್ತಿದ ಬೆಕ್ಕುಗಳು. ಆ ಯಂತ್ರಕ್ಕೆ ನೆನಪಿನ ಶಕ್ತಿ ಇಲ್ಲ. ಸ್ವಿಚ್ ಆರಿಸಿದರೆ ಏರಿದ್ದೆಲ್ಲ ಹೋಯಿತು, ಮತ್ತೆ ಕೆಳಗಿನ ಮಾಳಿಗೆಯಿಂದಲೇ ಶುರು. ಆದ್ದರಿಂದ ನಡುವೆ ಏಳಬೇಕಾದವರು ಪಾಜ್ ಗುಂಡಿ ಒತ್ತಿ ಏಳಬೇಕು. ಆಗ ಇಲಿ ಒಂದು ಕಾಲನ್ನು ಮೇಲೆತ್ತಿಕೊಂಡು, ಬೆಕ್ಕುಗಳು ಬಾಯಿ ತೆರೆದುಕೊಂಡು, ನಾನು ಬರುವ ತನಕ ಹಾಗೆಯೇ ನಿಂತಿರುತ್ತವೆ. ನನಗಾಗಿ ಕಾಯುವ ಪ್ರಾಣಿಗಳನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಆಟ ಹಚ್ಚುತ್ತಿದ್ದೆ. ಹಚ್ಚಿದ ಮರುಗಳಿಗೆ ಕುಕ್ಕರ್ ಸೀಟಿ ಹಾಕುತ್ತಿತ್ತು; ಪಾಜ್. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು “ಭಾಮಾತಾಯಿ, ಥೋಡೀ ಸಾಖರ ದ್ಯಾ ನಾ” ಎಂದು ಸಕ್ಕರೆಗೆ ಬಟ್ಟಲು ಚಾಚುತ್ತಿದ್ದರು, ಪಾಜ್. ಅತ್ತೆ ಭೀಮವ್ವನವರಿಗೆ ಗುಳಿಗೆ, ಅಂಗಡಿಯಿಂದ ಯಜಮಾನರ ಫೋನು, ಗ್ಯಾಸಿನವನು, ಕೇಬಲ್ಲಿನವನು; ಪಾಜ್, ಪಾಜ್. ಇಲಿ ಹೀಗೆ ಒಂದು ಕಾಲ ಮೇಲೆ ನಿಂತು ನಿಂತು ಸಂಜೆಯ ಹೊತ್ತಿಗೆ ಹೇಗೋ ಹತ್ತು ಮಾಳಿಗೆ ಏರುತ್ತಿತ್ತು. ಅತ್ತೆಯವರು ಬಂದವರಿಗೆಲ್ಲ “ನಮ್ಮ ಸೊಸಿ ಮನ್ಯಾಗಿನ ಇಲಿ ಬಿಟ್ಟು ಟಿವ್ಯಾಗಿನ ಇಲಿ ಕಾಯ್ತಾಳ ನೋಡ್ರಿ” ಎಂದು ಪರಿಚಯ ಮಾಡಿಕೊಡುತ್ತಿದ್ದರು.

ಈಗ ಧನಕವಡಿಯ ಕಾಲೇಜಿನಲ್ಲಿ ಓದುತ್ತಿರುವ ಶಿವಾನಿಯೇ ಈ ವರ್ಷ, ಎರಡು ಸಾವಿರದ ಏಳರಲ್ಲಿ, ತಮ್ಮ ಬಳಗವನ್ನು ಕಂಪ್ಯೂಟರಿನಲ್ಲಿ ನೋಡಿ “ಅವ್ವಾ, ನೀ ಆಡೂದು ನೋಡಿದ್ರ ಅವರೆಲ್ಲ ದಂಗ ಬಡೀತಾರ” ಎಂದು ನನ್ನ ಹೆಸರು ಸೇರಿಸಿದಳು. ಆಟ ಹಚ್ಚಿದ್ದು ಯಾವಾಗ, ಆರಿಸಿದ್ದು ಯಾವಾಗ ಎಂದು ನಾನು ಹೇಳಿದೆ. ಅವಳು ಬರೆದು ಕಳಿಸಿದಳು. ಮೊದಲ ವಾರ ನಾನು ಪಟ್ಟಿಯಲ್ಲಿ ತಮ್ಮ ಕೆಳಗೇ ಇದ್ದೆ. ಮದುವೆಯ ಲಗ್ನಪತ್ರಿಕೆಯ ನಂತರ ನನ್ನ ಹೆಸರು ಅಚ್ಚಾದದ್ದು ಅದೇ ಮೊದಲು. ಅಡುಗೆಮನೆಗೂ ಕಂಪ್ಯೂಟರಿಗೂ ನಡುವೆ ಎಷ್ಟು ಸಲ ಓಡಾಡಿದೆನೋ. ಎರಡನೆಯ ವಾರ ಕಿರೀಟ ನನ್ನ ತಲೆಗೆ ಬಂತು. ಒಂದೇ ರಾತ್ರಿ ಉಳಿಯಿತು. ಮರುದಿನ ಬೆಳಿಗ್ಗೆ ನನ್ನ ಗಂಟೆಗಳ ಮೇಲೆ ಕೆಂಪು ಗೆರೆ ಎಳೆದು, ‘ಆಕ್ಟಿವ್ ಟೈಮ್ ಮಾತ್ರ. ಪಾಜ್ ಟೈಮ್ ಕೌಂಟ್ ಆಗಲ್ಲ’ ಎಂದು ತಾವು ಷರಾ ಬರೆದಿದ್ದಿರಿ.

ನ್ಯಾಯನಿಷ್ಠುರತೆ ಎಂದರೆ ಇದೇ ಎಂದು ನಾನು ತಲೆಬಾಗಿದೆ. ಪಟ್ಟಿಯ ಉಳಿದ ಮಹನೀಯರ ಷರಾಗಳನ್ನು ಓದಿದ ಮೇಲಂತೂ ಇನ್ನಷ್ಟು ಬಾಗಿದೆ. ಒಬ್ಬರು ‘ಆಫೀಸಿನ ಮೀಟಿಂಗಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು ಆಡಿದೆ’ ಎಂದು ಹೆಮ್ಮೆಯಿಂದ ಬರೆದಿದ್ದರು. ಇನ್ನೊಬ್ಬರು ‘ಹೆಂಡತಿ ತವರಿಗೆ ಹೋಗಿದ್ದಾಳೆ, ಅಮ್ಮ ಊರಿಂದ ಬಂದಿದ್ದಾರೆ, ಊಟ ಕೂತಲ್ಲಿಗೇ’ ಎಂದು ಬರೆದಿದ್ದರು. ಅವೆಲ್ಲ ಅಪ್ಪಟ ಗಂಟೆಗಳು. ಕಂಪನಿಯ ಸಂಬಳ ತಿನ್ನುತ್ತ ಆಡಿದರೆ ಗಂಟೆ ಶುದ್ಧ, ಕೂತಲ್ಲಿಗೆ ಬಂದ ಅನ್ನ ತಿನ್ನುತ್ತ ಆಡಿದರೂ ಶುದ್ಧ. ಆ ಅನ್ನ ಬೇಯಿಸಲು ನಡುವೆ ಎದ್ದುಹೋದರೆ ಮಾತ್ರ ಮೈಲಿಗೆ. ಇಷ್ಟು ಸೂಕ್ಷ್ಮವಾದ ಮಡಿಯನ್ನು ನಮ್ಮ ಅತ್ತೆಯವರ ಅತ್ತೆಯವರೂ ಪಾಲಿಸಿರಲಾರರು.

ಆದರೂ ನಾನು ಫೋನು ಮಾಡಿ ಕೇಳಿದೆ. ತಾವು ಬಹಳ ಸಮಾಧಾನದಿಂದ, “ಡೋಂಟ್ ಮೈಂಡ್ ಮೇಡಂ, ನಿಮ್ಮದು ಗೇಮಿಂಗ್ ಅಲ್ಲ, ಬರೀ ಟಿ.ವಿ. ಆನ್ ಇಟ್ಟಿರೋದು. ಒಂದು ಕೆಲಸ ಮಾಡಿ, ಭಾನುವಾರ ನಮ್ಮ ಕ್ಲಬ್ ಹೌಸ್‌ಗೆ ಬನ್ನಿ, ಎಲ್ರ ಮುಂದೆ ಒಂದು ಗಂಟೆ ಆಡಿ ತೋರಿಸಿ. ಜೆನ್ಯುಯಿನ್ ಅನ್ಸಿದ್ರೆ ನಿಮ್ಮ ಹಳೇ ಗಂಟೆ ಎಲ್ಲಾ ವಾಪಸ್ ಸೇರಿಸ್ತೀನಿ. ಇಲ್ಲಾಂದ್ರೆ ಹೆಸರು ತೆಗೀಬೇಕಾಗುತ್ತೆ” ಎಂದಿರಿ. ಕಳ್ಳಿಯೆಂದು ನೇರವಾಗಿ ಹೇಳದೆ ಇಷ್ಟು ಉದ್ದದ ದಾರಿಯಲ್ಲಿ ಹೇಳಿದ ತಮ್ಮ ಸೌಜನ್ಯ ದೊಡ್ಡದು.

ಯಜಮಾನರು “ಖರಾಡಿ ತನಕಾ ಇಲಿ ಆಡಾಕ ಹೋಗತೀಯೇನ?” ಎಂದು ನಕ್ಕರು. ಅತ್ತೆಯವರು ನಗಲಿಲ್ಲ. “ನಾನೂ ಬರ್ತೀನಿ. ನಮ್ಮ ಮನಿ ಹೆಣ್ಣಮಗಳು ಸುಳ್ಳು ಹೇಳ್ತಾಳ ಅನ್ನಾಂವ ಯಾಂವ, ನೋಡಬೇಕು” ಎಂದು ಇಳಕಲ್ ಸೀರೆ ಉಟ್ಟು ನನಗಿಂತ ಮೊದಲೇ ಬಸ್ ಸ್ಟಾಪಿನಲ್ಲಿ ನಿಂತರು.

ತಮ್ಮ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನ ವೈಭವವನ್ನು ಏನೆಂದು ಬಣ್ಣಿಸಲಿ! ಸಾಲು ಕುರ್ಚಿ, ತಂಪು ಪಾನೀಯ, ತಮ್ಮ ಕೊರಳಲ್ಲಿ ಡ್ರಿಲ್ ಮಾಸ್ತರರ ಹಾಗೆ ಸ್ಟಾಪ್‌ವಾಚ್. ಅತ್ತೆಯವರಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಕೊಟ್ಟಿರಿ. ಅದೊಂದಕ್ಕೆ ಮಾತ್ರ ವ್ಯಂಗ್ಯವಿಲ್ಲದ ಕೃತಜ್ಞತೆ. ಚೀಲದಲ್ಲಿ ಹೊತ್ತು ತಂದಿದ್ದ ನಮ್ಮ ಯಂತ್ರವನ್ನು ತಮ್ಮ ಟಿ.ವಿ.ಗೆ ಜೋಡಿಸಿ ನಾನು ಕೂತೆ, ಆಟ ಹತ್ತಿತು, ಮೊದಲ ಮಾಳಿಗೆಗಳನ್ನು ಇಲಿ ಸರಸರ ಏರಿತು. ಹಿಂದಿನಿಂದ ಯಾರೋ “ವಾವ್” ಎಂದರು. ಅಷ್ಟರಲ್ಲಿ ನನ್ನ ಚೀಲದೊಳಗೆ ಮೊಬೈಲು ರಿಂಗಾಯಿತು. ಯಜಮಾನರು.

“ಏ, ಲೈಟರ್ ಎಲ್ಲಿ ಇಟ್ಟಿ?”

ಪಾಜ್. ತಾವು ಸ್ಟಾಪ್‌ವಾಚ್ ನಿಲ್ಲಿಸಿದಿರಿ. ಉತ್ತರ ಕೊಟ್ಟು ಮತ್ತೆ ಕೂತೆ. ಮತ್ತೆ ರಿಂಗಾಯಿತು.

“ಹಾಲು ಉಕ್ಕಿ ಹೋತು. ಏನ ಮಾಡ್ಲಿ?”

ಪಾಜ್. ಮೂರನೆಯ ಸಲ, ಚೆಲ್ಲಿದ ಹಾಲನ್ನು ಒರೆಸುವ ಅರಿವೆ ಯಾವುದೆಂದು. ಅಷ್ಟು ಹೊತ್ತಿಗೆ ಸಭೆಗೆ ಸಭೆಯೇ ನಗುತ್ತಿತ್ತು. ತಾವು ಎದ್ದುನಿಂತು, “ನೋಡಿದ್ರಾ ಫ್ರೆಂಡ್ಸ್? ನಾನು ಹೇಳಿದ್ದು ಇದೇ. ಸೀರಿಯಸ್ ಪ್ಲೇಯರ್ ಆದೋರು ಫೋನ್ ಆಫ್ ಮಾಡಿ ಕೂರ್ತಾರೆ” ಎಂದು ಉಪದೇಶ ಕೊಟ್ಟಿರಿ. ಗಂಡನ ಫೋನನ್ನು ಆಫ್ ಮಾಡಬಹುದೆಂಬ ಜ್ಞಾನ ನನಗೆ ಅಂದೇ ಆದದ್ದು.

ನಾಲ್ಕನೆಯ ಸಲ ರಿಂಗಾದಾಗ ನಾನು ಎದ್ದೆ. ಆದರೆ ಫೋನು ಆಗಲೇ ಅತ್ತೆಯವರ ಕೈಯಲ್ಲಿತ್ತು.

“ಈರಣ್ಣಾ, ನಾ ನಿಮ್ಮವ್ವ ಮಾತಾಡಾಕತ್ತೀನಿ. ಆಕಿ ಕೆಲಸದಾಗ ಅದಾಳ. ಚಾಪುಡಿ ಡಬ್ಬಿ ಕಪಾಟಿನ್ಯಾಗ ಅದ, ಕಣ್ಣು ನಿನ್ನ ಮಾರಿ ಮ್ಯಾಲೆ ಅದಾವ. ಹುಡುಕು. ಇಡತೀನಿ.”

ಹೀಗೆಂದು ಫೋನನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತು, “ಆಡು” ಎಂದರು. ಮಾನ್ಯರೇ, ತಾವು ಗಮನಿಸಿರಲಾರಿರಿ, ಸ್ಟಾಪ್‌ವಾಚ್ ನೋಡುತ್ತಿದ್ದಿರಿ. ಇಲಿ ಕಾಯುವವಳೆಂದು ನನ್ನನ್ನು ಊರಿಗೆಲ್ಲ ತೋರಿಸಿಕೊಟ್ಟ ಹೆಂಗಸು ಅಂದು ತುಂಬಿದ ಸಭೆಯಲ್ಲಿ ಅದನ್ನು ಕೆಲಸವೆಂದು ಕರೆದಿದ್ದರು.

ಇದಾದ ಮೇಲೆ ನಾನು ಗೆದ್ದೆನೆಂದು ಬರೆದಿದ್ದರೆ ಪತ್ರಕ್ಕೆ ಎಷ್ಟು ಶೋಭೆ ಬರುತ್ತಿತ್ತು! ಆದರೆ ನಡೆದದ್ದಕ್ಕೆ ತಾವೇ ಸಾಕ್ಷಿ. ಫೋನಿಲ್ಲ, ಸೀಟಿಯಿಲ್ಲ, ಬಾಗಿಲಲ್ಲಿ ಯಾರೂ ಇಲ್ಲ. ನನ್ನ ಕಿವಿ ಮಾತ್ರ ಬಿಬವೇವಾಡಿಯಲ್ಲಿಯೇ ಇತ್ತು. ಯಾರೂ ಕರೆಯದಿದ್ದರೂ ಹೆಬ್ಬೆರಳು ತಾನೇ ಹೋಗಿ ಪಾಜ್ ಒತ್ತಿತು. ತೆಗೆದೆ. ಮತ್ತೆ ಒತ್ತಿತು. “ಈಗ್ಯಾಕೆ ಪಾಜ್ ಮೇಡಂ? ಯಾರೂ ಕರೀಲಿಲ್ವಲ್ಲ” ಎಂದು ತಾವು ಕೇಳಿದಿರಿ. ನಾನು ಅದನ್ನೂ ತೆಗೆದು ಇಲಿಯನ್ನು ಮುಂದೆ ಓಡಿಸಿದೆ. ದಿನಾ ಕಣ್ಣು ಮುಚ್ಚಿ ದಾಟುತ್ತಿದ್ದ ಒಂಬತ್ತನೆಯ ಮಾಳಿಗೆಯಲ್ಲಿ ಮೂರು ಬೆಕ್ಕುಗಳು ಇಲಿಯನ್ನು ಮೂಲೆಗೆ ಒತ್ತರಿಸಿದವು. ತಾವು ಬಿಳಿ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಹನ್ನೊಂದು ನಿಮಿಷ’ ಎಂದು ಬರೆದು, ನನ್ನ ಹೆಸರು ತೆಗೆದು, ಸಮೋಸಾ ಕೊಟ್ಟು ಕಳಿಸಿದಿರಿ. ಸಮೋಸಾ ಚೆನ್ನಾಗಿತ್ತು.

ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅತ್ತೆಯವರು, “ನಿನಗ ಆಡಾಕ ಬರೂದಿಲ್ಲ ಅಂತ ಅಲ್ಲ. ಯಾರೂ ಕರೀದ ಕುಂದರೂದು ನಿನಗ ರೂಢಿ ಇಲ್ಲ. ಅದನ್ನ ಕಲೀಬೇಕು” ಎಂದರು. ಮಾರನೆಯ ದಿನ ಮಧ್ಯಾಹ್ನ ಅತ್ತೆಯವರು ಕುರ್ಚಿಯನ್ನು ಪಡಸಾಲೆಯ ಬಾಗಿಲಿಗೆ ಅಡ್ಡ ಎಳೆದು ಕೂತೇಬಿಟ್ಟರು. ಫೋನು ಅವರ ಮಡಿಲಲ್ಲಿ. ಸಕ್ಕರೆಗೆ ಬಂದವರಿಗೆ ತಮಗೆ ಬರುವ ಮುಕ್ಕಾಲು ಮರಾಠಿಯಲ್ಲಿ “ಸೂನ ಕಾಮಾತ ಆಹೆ, ನಂತರ ಯಾ” ಎಂದು, ಸೊಸೆ ಕೆಲಸದಲ್ಲಿದ್ದಾಳೆ ಆಮೇಲೆ ಬನ್ನಿರೆಂದು ಕಳಿಸುತ್ತಿದ್ದರು. ಕುಕ್ಕರನ್ನು ಬೆಳಿಗ್ಗೆಯೇ ಇಳಿಸಿಬಿಡಬೇಕೆಂದು ಕಾನೂನು ಮಾಡಿದರು. ನಾನು ಮೊದಲ ಕೆಲವು ದಿನ ಒಂಬತ್ತನೆಯ ಮಾಳಿಗೆಯಲ್ಲೇ ಸತ್ತೆ. ಹೆಬ್ಬೆರಳಿಗೆ ಬುದ್ಧಿ ಬರಲು ಹೊತ್ತು ಹಿಡಿಯಿತು.

ಒಂದು ಮಧ್ಯಾಹ್ನ ಯಜಮಾನರು ಅಂಗಡಿಯಿಂದ ಅಚಾನಕ್ ಬಂದರು. “ಚಾ ಬೇಕಾಗಿತ್ತು” ಎಂದರು. ಅತ್ತೆಯವರು ಕುರ್ಚಿ ಸರಿಸಲಿಲ್ಲ. “ಹೊರಗ ಕುಂದ್ರು, ಇಲ್ಲಾ ಅಡಗಿಮನಿಗೆ ಹಿಂದಿನ ಬಾಗಲದಿಂದ ಹೋಗಿ ನೀನ ಮಾಡ್ಕೋ” ಎಂದರು. ಯಜಮಾನರು ಚಪ್ಪಲಿ ಸ್ಟ್ಯಾಂಡಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಹಿಂದಿನಿಂದ ಹೋದರು. ಪಾತ್ರೆಗಳು ಬಿದ್ದ ಸದ್ದು ಕೇಳಿತು. ನಾನು ಏಳಲಿಲ್ಲ. ಆಮೇಲೆ ಮೂರು ಕಪ್ ಚಹಾ ತಂದು, ತಾಯಿಯ ತಲೆಯ ಮೇಲಿಂದ ಇಣುಕಿ, ಮೆಲ್ಲಗೆ “ಎಷ್ಟನೇ ಮಾಳಿಗಿ?” ಎಂದು ಕೇಳಿದರು. ಹನ್ನೊಂದು ವರ್ಷದಲ್ಲಿ ಅವರು ಆ ಇಲಿಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಚಹಾದಲ್ಲಿ ಸಕ್ಕರೆ ಇರಲಿಲ್ಲ. ಮೂವರೂ ಕುಡಿದೆವು.

ಕಳೆದ ವಾರ ನನ್ನ ಇಲಿ ಗೋದಾಮಿನ ಕೊನೆಯ ಮಾಳಿಗೆ ಏರಿತು. ತಮ್ಮ ಬಳಗದಲ್ಲಿ ಯಾರೂ ಅಲ್ಲಿಗೆ ತಲುಪಿದ ವರದಿ ಇಲ್ಲವೆಂದು ಶಿವಾನಿ ಹುಡುಕಿ ಹೇಳಿದಳು. ಅಲ್ಲಿ ಏನಿದೆ ಎಂಬುದನ್ನು ತಮಗೆ ವಿವರಿಸಲು ಮನಸ್ಸು ಹಾತೊರೆಯುತ್ತಿದೆ. ಆದರೆ ತಮ್ಮ ಪಟ್ಟಿಯ ಪ್ರಕಾರ ನಾನು ಆಡುವವಳೇ ಅಲ್ಲ, ಆದ್ದರಿಂದ ಅಲ್ಲಿಗೆ ಹೋಗಿಯೂ ಇಲ್ಲ. ಅಧ್ಯಕ್ಷರ ದಾಖಲೆಯನ್ನು ಸುಳ್ಳು ಮಾಡುವ ಪಾಪ ನನಗೆ ಬೇಡ.

ನನ್ನ ಹೆಸರನ್ನು ಮತ್ತೆ ಸೇರಿಸಿರೆಂದು ಈ ಪತ್ರದಲ್ಲಿ ಕೇಳುತ್ತಿಲ್ಲ. ಬಿನ್ನಹ ಬೇರೆಯೇ. ಮುಂದಿನ ಭಾನುವಾರದಿಂದ ಪಟ್ಟಿಯಲ್ಲಿ ಇನ್ನೊಂದು ಕಾಲಂ ಹಾಕಿಸಬೇಕು. ಪ್ರತಿಯೊಬ್ಬ ಮಹನೀಯರ ಶುದ್ಧ ಗಂಟೆಗಳ ಎದುರಿಗೆ, ಆ ಗಂಟೆ ಶುದ್ಧವಾಗಿ ಉಳಿಯಲೆಂದು ಅವರ ಪರವಾಗಿ ಎದ್ದುಹೋದವರ ಹೆಸರನ್ನು ಬರೆಯಿಸಬೇಕು. ತಾಯಿಯೋ, ಹೆಂಡತಿಯೋ, ಅಡುಗೆಯವಳೋ, ಮೀಟಿಂಗಿನಲ್ಲಿ ಅವರ ಪಾಲಿನ ಉತ್ತರವನ್ನೂ ಕೊಟ್ಟ ಪಕ್ಕದ ಕುರ್ಚಿಯವರೋ, ಯಾರಾದರೂ ಸರಿ. ಅದು ಕಷ್ಟವೆನಿಸಿದರೆ, ತಮ್ಮ ಕ್ಲಬ್ ಹೌಸಿನಲ್ಲಿ ಒಂದು ಕುಕ್ಕರ್ ಇಡಿಸಿ, ಕಿರೀಟಧಾರಿಗಳು ಆಡುವಾಗ ಪ್ರತಿ ಸೀಟಿಗೂ ಎದ್ದುಹೋಗಿ ಬರಬೇಕೆಂದು ನಿಯಮ ಮಾಡಬೇಕು. ಅದೂ ಆಗದಿದ್ದರೆ ಸೂರ್ಯನಿಗಾದರೂ ಒಂದು ಮಾತು ಹೇಳಿ, ನಮ್ಮಂಥವರ ಮಧ್ಯಾಹ್ನಗಳನ್ನು ದಿನಾ ಒಂದು ಗಂಟೆ ಪಾಜ್ ಮಾಡಿಸಿಕೊಡಬೇಕು. ತಮ್ಮ ಮಾತನ್ನು ಅವನು ಮೀರಲಾರ.

ಲೆಕ್ಕಕ್ಕೆ ಬಂದಾಗಲೂ ಬಾರದಾಗಲೂ,
ತಮ್ಮ ವಿಶ್ವಾಸಿ,
ಭಾಮಾ ಈರಣ್ಣ
ಬಿಬವೇವಾಡಿ, ಪುಣೆ

ತಾ.ಕ.: ನಮ್ಮ ಅತ್ತೆಯವರೂ ಈಗ ಆಟ ಕಲಿಯಲು ಕೂತಿದ್ದಾರೆ, ತಮ್ಮ ಬಳಗಕ್ಕೆ ಅರ್ಜಿ ಹಾಕುವ ಮನಸ್ಸಿದೆಯಂತೆ. ಅವರ ಗಂಟೆಗಳ ಶುದ್ಧತೆಯ ಬಗ್ಗೆ ತಾವು ಚಿಂತಿಸಬೇಕಾಗಿಲ್ಲ. ಪಾಜ್ ಗುಂಡಿ ಯಾವುದೆಂದು ನಾನು ತೋರಿಸಹೋದರೆ, “ಅದೊಂದು ನನಗ ಕಲಸಬ್ಯಾಡ. ಲಗ್ನ ಆದಾಗಿಂದ ಅದನ್ನ ಒತ್ತಿ ಹಿಡದೀನಿ, ಈಗ ಬಿಟ್ಟೀನಿ” ಎಂದರು.