ರೂಟ್ ಮಾಡಿದ ಫೋನೂ ಮುತ್ತತ್ತಿಯ ಹರಕೆಯೂ

ಕಾಸು ಕೊಟ್ಟು ತಂದ ವಸ್ತು ನನ್ನ ಮಾತು ಕೇಳಬೇಕು ಎಂಬ ಹಟ ನನಗೆ ಮೊದಲಿನಿಂದಲೂ ಇದೆ. ಮನೆಯಲ್ಲಿ ಯಾರೂ ಕೇಳುವುದಿಲ್ಲ. ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದ್ದರಿಂದ ಅಲ್ಲಿ ಕೇಳುವ ಪ್ರಶ್ನೆಯೇ ಇಲ್ಲ. ಉಳಿದದ್ದು ಫೋನು. ಅದರೊಳಗೆ ಹುಟ್ಟಿನಿಂದಲೇ ಕೂತಿದ್ದ ಅಂಗಡಿ ಆ್ಯಪೊಂದು ದಿನಕ್ಕೆ ಹತ್ತು ಸಲ ಟಿಂಗ್ ಎಂದು ಸೀರೆ ಬೇಕೇ, ಕುಕ್ಕರ್ ಬೇಕೇ ಎಂದು ಪೀಡಿಸುತ್ತಿತ್ತು. ಅಳಿಸಲು ಹೋದರೆ ಅನುಮತಿಯಿಲ್ಲವಂತೆ. ನನ್ನ ಫೋನಿಗೆ ನಾನು ಯಾರ ಅನುಮತಿ ಕೇಳಲಿ? ಮೈ ಉರಿದುಹೋಯಿತು.

ಕೆರಗೋಡಿನಲ್ಲಿ ನನ್ನ ಸಹಪಾಠಿ ಸಿದ್ದೇಗೌಡನಿದ್ದಾನೆ. ಕಬ್ಬು ಬೆಳೆಯುತ್ತಾನೆ, ಬಿಡುವಾದಾಗ ಫೋನು ಬಿಚ್ಚುತ್ತಾನೆ. "ಕಂಪ್ನಿ ಹಾಕಿರೋ ಬೀಗ ಬಿಚ್ಚಿ ರೂಟ್ ಮಾಡ್ಬುಡು ಕಣ್ಲಾ, ಆಮೇಕೆ ಎಲ್ಲಾ ನಿಂದೇ ಅಧಿಕಾರ. ಸಾಫ್ಟ್‌ವೇರ್ ಬಿಟ್ಟಿ. ಒಳಗಿನ ಕೋಡೂ ಬಯಲಲ್ಲೇ ಐತೆ, ಯಾರ್ ಬೇಕಾದ್ರೂ ಓದ್ಬೌದು" ಎಂದ. ನನಗೆ ಅದರಲ್ಲಿ ಒಂದಕ್ಷರ ತಿಳಿಯದಿದ್ದರೂ, ಬಯಲಲ್ಲಿರುವುದರಲ್ಲಿ ಮೋಸವಿರದು ಎಂದು ಧೈರ್ಯ ಬಂತು. ಬುಧವಾರ ಸಂಜೆ ಅವನ ಜಗಲಿಯಲ್ಲಿ ಕೂತು, ಕಾಫಿ ಮುಗಿಯುವುದರೊಳಗೆ ಆ ಅಂಗಡಿಯನ್ನು ಎತ್ತಂಗಡಿ ಮಾಡಿದೆವು. ಬಸ್ಸಿನಲ್ಲಿ ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಇಲ್ಲಿ ನನ್ನ ರಜೆಯ ವಿಷಯ ಹೇಳಬೇಕು. ಮೂತ್ರಪಿಂಡದ ಕಲ್ಲಿನ ಕಾಟಕ್ಕೆ ಈ ವರ್ಷದ ರಜೆಗಳೆಲ್ಲ ತೀರಿ, ಒಂದೇ ಒಂದು ಉಳಿದಿತ್ತು. ಕಲ್ಲು ಬಿದ್ದುಹೋದರೆ ಶ್ರಾವಣದ ಕೊನೆಯ ಶನಿವಾರ ಇಬ್ಬರೂ ಬಂದು ಕಾಯಿ ಒಡೆಸುತ್ತೇವೆಂದು ನನ್ನ ಹೆಂಡತಿ ಸುಶೀಲ ಮುತ್ತತ್ತಿ ಆಂಜನೇಯನಿಗೆ ಹರಕೆ ಹೊತ್ತಿದ್ದಳು. ಕಲ್ಲು ಬಿದ್ದಿತ್ತು. ಆ ರಜೆ ಅದೇ ವಾರ ಬರಲಿದ್ದ ಆ ಶನಿವಾರಕ್ಕೆಂದೇ ಮೀಸಲಾಗಿತ್ತು.

ಗುರುವಾರ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ, ಮುಖ ನೋಡಿ ಹಾಜರಿ ಹಾಕುವ ಫೋನಿನ ಆ್ಯಪಿಗೆ ಮುಖ ತೋರಿಸಿದೆ. ಈ ಫೋನು ರೂಟ್ ಆಗಿದೆ, ನಂಬಲರ್ಹವಲ್ಲ ಎಂದು ಅದು ಬಾಗಿಲು ಹಾಕಿಕೊಂಡಿತು. ಗಡ್ಡ ಸವರಿ, ಕನ್ನಡಕ ತೆಗೆದು, ನಕ್ಕೂ ನೋಡಿದೆ. ಹಾಜರಿಯ ಗಡುವು ಹತ್ತೂವರೆ ದಾಟಿತು. "ಸಾರ್, ನಾನು ನಿಮ್ಮ ಕಣ್ಣೆದುರೇ ಇದ್ದೀನಿ" ಎಂದು ಅಧಿಕಾರಿಗಳ ಮುಂದೆ ನಿಂತೆ. "ನನಗೆ ಕಾಣ್ತೀರಿ ಕಣ್ರೀ, ಸಿಸ್ಟಮ್ಮಿಗೆ ಕಾಣಲ್ಲವಲ್ಲ. ಒಂದು ರಜಾ ಬರೆದುಕೊಡಿ" ಎಂದರು. ಬರೆದುಕೊಟ್ಟು, ಸಂಜೆಯವರೆಗೂ ಕಡತ ತಿರುವುತ್ತ ರಜೆ ಕಳೆದೆ. ಸಿದ್ದೇಗೌಡ ಅಂದೇ ಎಲ್ಲವನ್ನೂ ಮೊದಲಿನಂತೆ ಮಾಡಿಕೊಟ್ಟ. ಹೋದ ರಜೆಯನ್ನು ತರಲು ಅವನಿಂದಲೂ ಆಗಲಿಲ್ಲ.

ಶನಿವಾರ ಸುಶೀಲ ತನ್ನ ಅಕ್ಕನ ಜೊತೆ ಹೋದಳು. ನನಗೋಸ್ಕರ ಹೊತ್ತ ಹರಕೆಗೆ ನಾನೇ ಇಲ್ಲವೆಂದು ನಿಜಕ್ಕೂ ನಾಚಿಕೆಯಾಯಿತು. ಸಂಜೆ ಪ್ರಸಾದ ಕೊಡುತ್ತ, "ಎರಡು ಕಾಯಿ ಒಡೆಸ್ದೆ" ಎಂದಳು.

"ಎರಡ್ಯಾಕೆ?"

"ಒಂದು ನಿಮ್ ಕಲ್ಲು ಬಿದ್ದಿದ್ದಕ್ಕೆ. ಇನ್ನೊಂದು, ನಿಮಗೆ ಬುದ್ಧಿ ಬರ್ಲಿ ಅಂತ. ಬಂದ್ರೆ ಮುಂದಿನ್ ವರ್ಷ ಇಬ್ರೂ ಬತ್ತೀವಿ ಅಂತ ಹೇಳ್ಬುಟ್ಟು ಬಂದಿವ್ನಿ."

ತಲೆಬಾಗಿ ಒಪ್ಪಿಕೊಂಡೆ. ಆದರೆ ನಿನ್ನೆ ಸಿದ್ದೇಗೌಡ ಫೋನು ಮಾಡಿದ್ದ. ರೂಟ್ ಆಗಿರುವುದನ್ನು ಹಾಜರಿ ಆ್ಯಪಿಗೆ ಗೊತ್ತಾಗದಂತೆ ಮರೆಮಾಡುವ ಸಾಫ್ಟ್‌ವೇರೂ ಬಂದಿದೆಯಂತೆ, ಅದೂ ಬಿಟ್ಟಿಯಂತೆ. ಭಾನುವಾರ ಕೆರಗೋಡಿಗೆ ಎಷ್ಟು ಗಂಟೆಗೆ ಬಸ್ಸಿದೆ ಎಂದು ವಿಚಾರಿಸಿಟ್ಟಿದ್ದೇನೆ. ಮೊದಲ ಕೋರಿಕೆಯನ್ನು ಆಂಜನೇಯ ಸುಲಭವಾಗಿ ಈಡೇರಿಸಿದ, ಅದು ಬರಿಯ ಕಲ್ಲಾಗಿತ್ತು.